ಹಳೇ ಸಿಆರ್‌ಒ ಕೊಳ್ಳುವ ಮುಂಚೆ ಚುಕ್ಕೆ ನೋಡಿ

ಇಂಜಿನಿಯರಿಂಗ್ ಲ್ಯಾಬಿನಲ್ಲಿ ನಾಲ್ಕು ಜನರ ನಮ್ಮ ಬ್ಯಾಚಿಗೆ ಒಂದು ಸಿಆರ್‌ಒ. ಅಂದರೆ ಕ್ಯಾಥೋಡ್ ರೇ ಆಸಿಲೋಸ್ಕೋಪ್, ಚಿಕ್ಕದಾಗಿ ಸ್ಕೋಪ್: ವಿದ್ಯುತ್ ಸಿಗ್ನಲನ್ನು ಪರದೆ ಮೇಲೆ ಅಲೆಯಾಗಿ ತೋರಿಸುವ ಪೆಟ್ಟಿಗೆ. ಗುಂಡಿ ತಿರುಗಿಸುವವನು ಒಬ್ಬ, ರೀಡಿಂಗ್ ಬರೆದುಕೊಳ್ಳುವವರು ಮೂವರು. ಪರದೆ ಮೇಲಿನ ಹಸಿರು ಅಲೆ ನಿಲ್ಲದೆ ಎಡಕ್ಕೋ ಬಲಕ್ಕೋ ಓಡುತ್ತಿರುತ್ತಿತ್ತು. ಆಗ ಲ್ಯಾಬ್ ಅಟೆಂಡರ್ ಬಂದು, ನಮ್ಮ ಮುಖ ಕೂಡ ನೋಡದೆ, ಯಾವುದೋ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಅಲೆಯನ್ನು ನಿಲ್ಲಿಸಿ ಹೋಗುತ್ತಿದ್ದರು. ಆ ಗುಂಡಿ ಏನು ಮಾಡುತ್ತದೆ ಅನ್ನುವುದು ಡಿಗ್ರಿ ಮುಗಿದರೂ ನನಗೆ ಸರಿಯಾಗಿ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಬಹಳ ವರ್ಷ ಬಿಟ್ಟು, ಗುಜರಿಗೆ ಬಿದ್ದಿದ್ದ ಅಂಥದ್ದೇ ಒಂದು ಪೆಟ್ಟಿಗೆಯನ್ನು ಮನೆಗೆ ತಂದು ಬಿಚ್ಚಿದಾಗ.

ಈಗ ಲ್ಯಾಬುಗಳಿಗೆ ಡಿಜಿಟಲ್ ಸ್ಕೋಪುಗಳು ಬಂದಿವೆ. ಹಳೆಯವು ಹರಾಜಿನಲ್ಲಿ ಲಾಟು ಲಾಟಾಗಿ ಹೋಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಸುತ್ತಿದರೆ ಎಲ್ಲೋ ಒಂದು ಅಂಗಡಿಯ ಮೂಲೆಯಲ್ಲಿ ಯುಪಿಎಸ್‌ಗಳ ಕೆಳಗೆ ಒಂದೆರಡು ಕೂತಿರುತ್ತವೆ. ಹ್ಯಾಮ್ ರೇಡಿಯೊ ಗೆಳೆಯರ ಅಟ್ಟದ ಮೇಲೆ ಇನ್ನಷ್ಟು. ‘ತಗೊಳ್ಳಲಾ ಬೇಡವಾ’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಇದರೊಳಗೆ ರಿಪೇರಿಯಾಗದ ವಸ್ತು ಒಂದೇ, ಅದು ಪಿಕ್ಚರ್ ಟ್ಯೂಬು. ಹಾಗಾಗಿ ಮೊದಲು ಪರದೆ ಮೇಲಿನ ಚುಕ್ಕೆ ನೋಡಿ. ಚುಕ್ಕೆ ಗಟ್ಟಿಯಾಗಿದ್ದರೆ ಉಳಿದ ರೋಗಗಳನ್ನು ಅದೇ ಬಾಯಿಬಿಟ್ಟು ಹೇಳುತ್ತದೆ. ಹೇಗೆ ಹೇಳುತ್ತದೆ ಅನ್ನುವುದಕ್ಕೆ ಅದು ಹುಟ್ಟುವ ಬಗೆ ಗೊತ್ತಿರಬೇಕು.

ಚುಕ್ಕೆ ಗೆರೆಯಾಗುವುದು

1897ರಲ್ಲಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ಎಂಬ ಜರ್ಮನ್ ವಿಜ್ಞಾನಿ ಸ್ಟ್ರಾಸ್‌ಬರ್ಗಿನಲ್ಲಿ ಮಾಡಿದ ಕ್ಯಾಥೋಡ್ ರೇ ಟ್ಯೂಬು ಈ ಯಂತ್ರದ ಮೂಲಪುರುಷ. ಸ್ಕೋಪಿನ ಟ್ಯೂಬು ಅಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಹಿಂಬದಿಯ ಸಣ್ಣ ಕತ್ತಿನಲ್ಲಿ ಒಂದು ಹೀಟರ್, ಅದರ ಬಿಸಿಗೆ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಅವನ್ನು ಸಾವಿರಾರು ವೋಲ್ಟು ಮುಂದಕ್ಕೆ ಎಳೆಯುತ್ತದೆ, ದಾರಿಯಲ್ಲಿ ಫೋಕಸ್ ವಿದ್ಯುದ್ವಾರಗಳು ಕಿರಣವನ್ನು ಸೂಜಿಯ ಹಾಗೆ ಸಪೂರ ಮಾಡುತ್ತವೆ, ಕಿರಣ ಹೋಗಿ ಪರದೆಯ ಒಳಮೈಗೆ ಬಳಿದ ಫಾಸ್ಫರಿಗೆ ಬಡಿದಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಕಾಲೇಜು ಲ್ಯಾಬಿನ 20 ಮೆಗಾಹರ್ಟ್ಸ್ ಸಿಆರ್‌ಒದಲ್ಲಿ ಈ ವೋಲ್ಟೇಜು ಸುಮಾರು 2,000. ಅಷ್ಟಕ್ಕೇ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ 26,000 ಕಿಲೋಮೀಟರ್ ದಾಟುತ್ತದೆ.

ಹಳೇ ಟೀವಿಯಲ್ಲೂ ಇದೇ ಟ್ಯೂಬು ಅಲ್ಲವೇ ಅಂದರೆ, ಹೌದು, ಆದರೆ ಒಂದು ವ್ಯತ್ಯಾಸ ಇದೆ. ಟೀವಿಯಲ್ಲಿ ಕಿರಣವನ್ನು ಬಾಗಿಸುವುದು ಕತ್ತಿನ ಸುತ್ತ ಕೂತ ಕಾಯಿಲ್. ಕಾಯಿಲಿನಲ್ಲಿ ಕರೆಂಟನ್ನು ದಿಢೀರನೆ ಬದಲಿಸುವುದು ಕಷ್ಟ. ಸ್ಕೋಪಿನಲ್ಲಿ ಕಾಯಿಲ್ ಇಲ್ಲ. ಕತ್ತಿನೊಳಗೆ ಎರಡು ಜೊತೆ ಲೋಹದ ಪ್ಲೇಟುಗಳಿವೆ. ಒಂದು ಜೊತೆ ಮೇಲೆ ಕೆಳಗೆ ಬಾಗಿಸುತ್ತದೆ, ಇನ್ನೊಂದು ಜೊತೆ ಎಡ ಬಲಕ್ಕೆ. ಪ್ಲೇಟಿನ ಮೇಲೆ ವೋಲ್ಟೇಜ್ ಬದಲಾದ ಕೂಡಲೆ ಕಿರಣ ಹೊರಳುತ್ತದೆ. ಪ್ಲೇಟು ಬಾಗಿಸುವ ಕೋನ ಕಿರಿದು, ಅದಕ್ಕೇ ಸಿಆರ್‌ಒ ಪೆಟ್ಟಿಗೆ ಸೌತೆಕಾಯಿಯ ಹಾಗೆ ಉದ್ದ.

ಬಾಗಿಲ ಮುಂದೆ ರಂಗೋಲಿ ಹಾಕುವ ಕೈಯನ್ನು ನೆನಪಿಸಿಕೊಳ್ಳಿ. ಕೈ ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ಸರಿಯುತ್ತಿದೆ, ಪುಡಿ ಸುರಿಯುತ್ತಿದೆ, ನೆಟ್ಟಗಿನ ಗೆರೆ ಬೀಳುತ್ತಿದೆ. ಅಷ್ಟರಲ್ಲಿ ಯಾರೋ ಮೊಣಕೈ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಗೆರೆ ಅಲೆಯಾಗುತ್ತದೆ. ಸರಿಯುವ ಕೈಯೇ ಸ್ವೀಪ್, ಅಲ್ಲಾಡಿಸುವ ಕೈ ನೀವು ಪ್ರೋಬಿನಲ್ಲಿ, ಅಂದರೆ ಸರ್ಕ್ಯೂಟಿಗೆ ಸಿಕ್ಕಿಸುವ ಮೊನೆಯಿರುವ ಕೇಬಲಿನಲ್ಲಿ, ಕೊಟ್ಟ ಸಿಗ್ನಲ್. ಪರದೆಯಲ್ಲಿ ಅಡ್ಡಕ್ಕೆ 10 ಚೌಕ, ಉದ್ದಕ್ಕೆ 8. ಟೈಮ್‌ಬೇಸ್ ಗುಂಡಿ ಒಂದು ಚೌಕಕ್ಕೆ ಎಷ್ಟು ಹೊತ್ತು ಅನ್ನುವುದನ್ನು ಹೇಳುತ್ತದೆ, ವೋಲ್ಟ್ಸ್ ಗುಂಡಿ ಒಂದು ಚೌಕಕ್ಕೆ ಎಷ್ಟು ವೋಲ್ಟು ಅನ್ನುವುದನ್ನು.

ಕಷ್ಟ ಇಲ್ಲಿಂದ ಶುರು. ಚೌಕಕ್ಕೆ 0.2 ಮೈಕ್ರೊಸೆಕೆಂಡ್ ಇಟ್ಟರೆ ಚುಕ್ಕೆ ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ಪರದೆ ದಾಟಬೇಕು. ಬೆಂಗಳೂರಿನಿಂದ ಮೈಸೂರಿಗೆ ಮೂರು ಸೆಕೆಂಡು. ಒಂದು ಸಲ ಹಾಗೆ ಹಾದುಹೋದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅದೇ ದಾರಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ, ಒಂದರ ಮೇಲೊಂದು ಕೂದಲೂ ಆಚೀಚೆಯಾಗದೆ ಬಿದ್ದರೆ ಮಾತ್ರ ಗೆರೆ ಕಾಣುತ್ತದೆ. ಅಂದರೆ ಪ್ರತಿ ಸಲ ಸ್ವೀಪ್ ಹೊರಡುವಾಗ ಅಲೆ ಸರಿಯಾಗಿ ಅದೇ ಜಾಗದಲ್ಲಿ ಇರಬೇಕು.

ಎರಡನೇ ಮಹಾಯುದ್ಧದವರೆಗಿನ ಬಹುಪಾಲು ಸ್ಕೋಪುಗಳಲ್ಲಿ ಸ್ವೀಪ್ ತನ್ನ ಪಾಡಿಗೆ ತಾನು ಓಡುತ್ತಿತ್ತು. ಅದರ ವೇಗವನ್ನು ಸಿಗ್ನಲಿನ ವೇಗಕ್ಕೆ ಹೊಂದಿಸಿ ಹೇಗೋ ಜೋಡಿಸಬೇಕಿತ್ತು. 1946ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹೊವರ್ಡ್ ವೋಲಮ್ ಮತ್ತು ಜ್ಯಾಕ್ ಮರ್ಡಾಕ್ ಟೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದರು. ಮರುವರ್ಷ ಬಂದ ಅವರ 511 ಮಾಡೆಲ್ ಲ್ಯಾಬುಗಳ ಅಭ್ಯಾಸವನ್ನೇ ಬದಲಿಸಿತು. ಅದರಲ್ಲಿ ಸ್ವೀಪ್ ಓಡುವುದಿಲ್ಲ, ಎಡಗಡೆ ಕಾಯುತ್ತ ನಿಂತಿರುತ್ತದೆ. ಸಿಗ್ನಲ್ ಇಂತಿಷ್ಟು ವೋಲ್ಟಿನ ಗಡಿಯನ್ನು ಏರುತ್ತಲೋ ಇಳಿಯುತ್ತಲೋ ದಾಟಿದ ಕ್ಷಣ ಹೊರಡುತ್ತದೆ, ಬಲತುದಿ ಮುಟ್ಟಿ ವಾಪಸ್ ಬಂದು ಮತ್ತೆ ಕಾಯುತ್ತದೆ. ಇದೇ ಟ್ರಿಗರ್. ಆ ಗಡಿಯನ್ನು ಇಡುವ ಗುಂಡಿಯ ಹೆಸರು ಟ್ರಿಗರ್ ಲೆವೆಲ್. ಅಟೆಂಡರ್ ಕೂದಲೆಳೆಯಷ್ಟು ತಿರುಗಿಸುತ್ತಿದ್ದದ್ದು ಅದನ್ನೇ. ಟ್ರಿಗರ್ ‘ಆಟೊ’ದಲ್ಲಿದ್ದರೆ ಸಿಗ್ನಲ್ ಗಡಿ ದಾಟದಿದ್ದಾಗ ಸ್ವೀಪ್ ತನ್ನ ಪಾಡಿಗೆ ತಾನು ಓಡುತ್ತದೆ. ನಮ್ಮ ಅಲೆಯ ನೆತ್ತಿಗಿಂತ ಮೇಲೆ ಗಡಿ ಇಟ್ಟುಕೊಂಡು ಅಲೆ ನಿಲ್ಲುತ್ತಿಲ್ಲ ಎಂದು ನಾವು ಗೋಳಾಡುತ್ತಿದ್ದೆವು.

ಟ್ರಿಗರ್ ಆಗಿ ಸ್ವೀಪ್ ಹೊರಡುವಷ್ಟರಲ್ಲಿ ಸಿಗ್ನಲಿನ ಏರು ಮುಗಿದೇ ಹೋಗಿರುತ್ತದಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆ. ಒಳ್ಳೆಯ ಸ್ಕೋಪುಗಳಲ್ಲಿ ಅದಕ್ಕೂ ಉಪಾಯ ಇದೆ. ಸಿಗ್ನಲನ್ನು ಪ್ಲೇಟಿಗೆ ಕಳಿಸುವ ಮುಂಚೆ ಡಿಲೇ ಲೈನ್ ಎಂಬ ವಿಶೇಷ ಕೇಬಲಿನೊಳಗೆ ಸುತ್ತಾಡಿಸಿ ನೂರು ಚಿಲ್ಲರೆ ನ್ಯಾನೊಸೆಕೆಂಡು ತಡ ಮಾಡುತ್ತಾರೆ. ಅಷ್ಟರಲ್ಲಿ ಸ್ವೀಪ್ ಹೊರಟಿರುತ್ತದೆ, ಏರು ಪೂರ್ತಿ ಕಾಣುತ್ತದೆ. ಅಗ್ಗದ 20 ಮೆಗಾಹರ್ಟ್ಸ್ ಪೆಟ್ಟಿಗೆಗಳಲ್ಲಿ ಈ ಭಾಗ್ಯ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಆ ಮೆಗಾಹರ್ಟ್ಸ್. ಬ್ಯಾಂಡ್‌ವಿಡ್ತ್ 20 ಅಂದರೆ 20ರವರೆಗೂ ಸರಿಯಾಗಿ ತೋರಿಸುತ್ತದೆ ಎಂದಲ್ಲ. 20 ಮೆಗಾಹರ್ಟ್ಸಿನಲ್ಲಿ ಅಲೆಯ ಎತ್ತರ ನಿಜವಾದದ್ದರ ಶೇಕಡ 70ರ ಹತ್ತಿರಕ್ಕೆ ಕುಸಿದಿರುತ್ತದೆ ಎಂದು. ಚೌಕಾಕಾರದ ಅಲೆ ನೋಡುವವರು 0.35ನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿದರೆ ಸ್ಕೋಪ್ ತೋರಿಸಬಲ್ಲ ಅತಿ ಚುರುಕಿನ ಏರು ಸಿಗುತ್ತದೆ: 20 ಮೆಗಾಹರ್ಟ್ಸಿಗೆ 17.5 ನ್ಯಾನೊಸೆಕೆಂಡು, 100ಕ್ಕೆ 3.5. ಆಡಿಯೊ ಆಂಪ್ಲಿಫೈಯರ್, ಪವರ್ ಸಪ್ಲೈ, ಹವ್ಯಾಸಿಗಳ ಆರ್ಡುಯಿನೊ ಬೋರ್ಡು ಇವಕ್ಕೆ 20 ಧಾರಾಳ.

ಅಂಗಡಿಯಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಜೀವನದಲ್ಲಿ ಒಂದೇ ಸ್ಕೋಪ್ ಕೊಳ್ಳುವವರಾದರೆ ಹೊಸ ಡಿಜಿಟಲ್ ಕೊಳ್ಳಿ. ಒಂದೇ ಸಲ ಬಂದುಹೋಗುವ ಸಿಗ್ನಲನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಸಾಮಾನ್ಯ ಅನಲಾಗ್ ಸ್ಕೋಪಿಗೆ ಆ ನೆನಪಿನ ಶಕ್ತಿ ಇಲ್ಲ. ಅನಲಾಗ್ ಬೇಕಾಗುವುದು ಬೇರೆ ರುಚಿಗೆ. ಗುಂಡಿ ತಿರುಗಿಸಿದ ಕ್ಷಣದಲ್ಲೇ ಗೆರೆ ಹೊರಳುತ್ತದೆ. ಅಪರೂಪಕ್ಕೆ ಬರುವ ತಪ್ಪು ಮಸುಕಾಗಿ, ಸದಾ ಬರುವ ಅಲೆ ಹೊಳಪಾಗಿ ತಾನೇ ತಾನಾಗಿ ಕಾಣುತ್ತದೆ. ಎಕ್ಸ್-ವೈಗೆ ಹಾಕಿದರೆ ಸ್ವೀಪ್ ನಿಂತು, ಒಂದು ಚಾನೆಲ್ಲಿನ (ಇನ್‌ಪುಟ್ಟಿನ) ಸಿಗ್ನಲ್ ಚುಕ್ಕೆಯನ್ನು ಎಡ ಬಲಕ್ಕೆ, ಇನ್ನೊಂದರದ್ದು ಮೇಲೆ ಕೆಳಗೆ ಓಡಿಸುತ್ತದೆ; ಹಾಗೆ ಎರಡು ಚಾನೆಲಿಗೆ ಸ್ಟೀರಿಯೊ ಹಾಡು ಕೊಟ್ಟರೆ ಪರದೆ ಮೇಲೆ ಲಿಸಾಜು ಆಕೃತಿಗಳು ಕುಣಿಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಚ್ಚಳ ತೆಗೆದರೆ ಪ್ರತಿ ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಮ್ಯಾನ್ಯುಯಲ್ಲಿನಲ್ಲಿ ಒಂದು ಹೆಸರಿರುತ್ತದೆ.

ನಮ್ಮಲ್ಲಿ ಹೆಚ್ಚು ಸಿಗುವುದು 20–30 ಮೆಗಾಹರ್ಟ್ಸಿನ ದೇಶೀ ಪೆಟ್ಟಿಗೆಗಳು: ಜರ್ಮನಿಯ ಹಾಮೆಗ್ ಕಂಪನಿಯ 203 ಮಾಡೆಲ್ಲನ್ನು ಇಂದೋರಿನಲ್ಲಿ ತಯಾರಿಸಿದ ಸೈಂಟಿಫಿಕ್‌ನವು, ಠಾಣೆಯ ಅಪ್ಲ್ಯಾಬಿನವು. ಇವು ಹಗುರ, ಒಳಗೆ ಸರಳ, ಬಿಡಿಭಾಗಗಳು ಎಸ್.ಪಿ. ರಸ್ತೆಯಲ್ಲೇ ಸಿಗುವಂಥವು. ಕಲಿಯುವವರಿಗೆ ಇವೇ ಸರಿ. ಅದರ ಮೇಲಿನ ದರ್ಜೆ ಬೇಕೆಂದರೆ 1970ರ ದಶಕದ ಟೆಕ್ಟ್ರಾನಿಕ್ಸ್ 465. 100 ಮೆಗಾಹರ್ಟ್ಸ್, ಎರಡು ಚಾನೆಲ್, ಡಿಲೇ ಲೈನ್, 18 ಕಿಲೋವೋಲ್ಟಿನ ಟ್ಯೂಬು. ಅದರಣ್ಣ 475ರದ್ದು 200 ಮೆಗಾಹರ್ಟ್ಸ್. ಫೀಲ್ಡ್ ಸರ್ವಿಸ್ ಇಂಜಿನಿಯರುಗಳು ಹೊತ್ತು ತಿರುಗಿದ ಸ್ಕೋಪುಗಳಿವು, ಕೈಹಿಡಿಯನ್ನು ಮಡಚಿ ಇಳಿಜಾರು ಕೂರಿಸಿದರೆ ಇಂದಿಗೂ ಚಂದ. ಅಮೆರಿಕದಿಂದ ಯಾರಾದರೂ ತಂದುಕೊಟ್ಟರೆ ಪ್ಲಗ್ಗು ಬದಲಿಸಿ ಚುಚ್ಚುವ ಮುಂಚೆ ವೋಲ್ಟೇಜ್ ಸೆಲೆಕ್ಟರ್ 115ರಲ್ಲಿದೆಯೋ 230ರಲ್ಲಿದೆಯೋ ನೋಡಿ, ಫ್ಯೂಸನ್ನೂ ಅದಕ್ಕೆ ತಕ್ಕಂತೆ ಬದಲಿಸಿ.

ಮುಂದಿನ ಪೀಳಿಗೆಯ 2465 ಇನ್ನೂ ಚುರುಕು, 300 ಮೆಗಾಹರ್ಟ್ಸ್. ಆದರೆ ಅದರೊಳಗೆ ಕಂಪನಿ ತನಗಾಗಿಯೇ ಮಾಡಿಕೊಂಡ ಚಿಪ್ಪುಗಳಿವೆ. ಸತ್ತರೆ ಇನ್ನೊಂದು ಸತ್ತ ಸ್ಕೋಪಿನಿಂದಲೇ ಕೀಳಬೇಕು. 2465ಬಿಯಲ್ಲಿ ಕ್ಯಾಲಿಬ್ರೇಷನ್ ಅಂಕಿಗಳು ಲೀಥಿಯಂ ಬ್ಯಾಟರಿಯ ಆಸರೆಯಲ್ಲಿರುವ ಮೆಮೊರಿಯಲ್ಲಿ ಕೂತಿರುತ್ತವೆ, ಬ್ಯಾಟರಿ ಮುಗಿದರೆ ಅಂಕಿಗಳೂ ಮುಗಿದವು. ಮೊದಲ ರಿಪೇರಿಗೆ ಅದು ಬೇಡ.

ಟ್ರಾನ್ಸಿಸ್ಟರಿನ ಬದಲು ಬಿಸಿಯಾಗುವ ಗಾಜಿನ ವಾಲ್ವುಗಳಿದ್ದ ಕಾಲದ ಟೆಕ್ಟ್ರಾನಿಕ್ಸ್ 545ರಂಥವು ಸಿಕ್ಕರೆ ಕೈಮುಗಿದು ನೋಡಿ, ಕೊಳ್ಳುವ ಮುಂಚೆ ಮೇಜಿನ ಕಾಲು ಗಟ್ಟಿಯಿದೆಯೇ ನೋಡಿಕೊಳ್ಳಿ. ಸುಮಾರು 30 ಕಿಲೋ ತೂಕ, ಚಳಿಗಾಲದಲ್ಲಿ ಕೋಣೆಗೆ ಬೇರೆ ಹೀಟರ್ ಬೇಡ. ಒಳಗೆ ಪ್ರಿಂಟೆಡ್ ಬೋರ್ಡಿನ ಬದಲು ಬಿಳಿ ಪಿಂಗಾಣಿ ಪಟ್ಟಿಗಳು, ಅವುಗಳ ಕಚ್ಚುಗಳಲ್ಲಿ ಸಾಲಾಗಿ ಬೆಸೆದ ರೆಸಿಸ್ಟರುಗಳು, ನೇಯ್ಗೆಯ ಹಾಗೆ. ಆ ಕಚ್ಚುಗಳಿಗೆ ಬೆಳ್ಳಿಯ ಲೇಪ ಇದೆ. ಸಾಮಾನ್ಯ ಬೆಸುಗೆ ಸೀಸ ಹಾಕಿದರೆ ಅದು ಬೆಳ್ಳಿಯನ್ನು ಕರಗಿಸಿಕೊಂಡುಬಿಡುತ್ತದೆ, ಬೆಸುಗೆ ಪಿಂಗಾಣಿಗೆ ಕಚ್ಚಿಕೊಳ್ಳುವುದೇ ಇಲ್ಲ. ಅದಕ್ಕೆ ಶೇಕಡ 3 ಬೆಳ್ಳಿ ಬೆರೆತ ಬೆಸುಗೆ ಬೇಕು. ಮುಂದೆ ರಿಪೇರಿ ಮಾಡುವವನಿಗೆ ಇರಲಿ ಎಂದು ಫ್ಯಾಕ್ಟರಿಯವರು ಆ ಬೆಸುಗೆಯ ಸಣ್ಣ ಸುರುಳಿಯೊಂದನ್ನು ಸ್ಕೋಪಿನೊಳಗೇ ಸಿಕ್ಕಿಸಿ ಕಳಿಸುತ್ತಿದ್ದರು.

ಸರಿ, ಚುಕ್ಕೆಗೆ ಬರೋಣ. ಅಂಗಡಿಯವರು ‘ವರ್ಕಿಂಗ್ ಕಂಡೀಷನ್ ಸಾರ್’ ಅನ್ನುತ್ತಾರೆ; ಅದರ ಅರ್ಥ ಪವರ್ ದೀಪ ಹೊತ್ತಿತು ಎಂದು. ಪ್ಲಗ್ ಹಾಕಿಸಿ, ಹೀಟರ್ ಬಿಸಿಯಾಗಲು ಒಂದು ನಿಮಿಷ ಬಿಡಿ. ಗೆರೆ ಕಾಣದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಟ್ರಿಗರ್ ಆಟೊಗೆ ಹಾಕಿ. ನಾರ್ಮಲ್‌ನಲ್ಲಿದ್ದರೆ ಸಿಗ್ನಲ್ ಇಲ್ಲದೆ ಗೆರೆ ಬರುವುದೇ ಇಲ್ಲ. ಎಕ್ಸ್-ವೈ ಗುಂಡಿ ಒತ್ತಿದ್ದರೆ ಬಿಡಿಸಿ, ಇನ್‌ಪುಟ್ಟನ್ನು ಗ್ರೌಂಡಿಗೆ ಹಾಕಿ, ಮೇಲೆ ಕೆಳಗೆ ಮತ್ತು ಎಡ ಬಲ ಸರಿಸುವ ಗುಂಡಿಗಳನ್ನು ನಡುಮಧ್ಯಕ್ಕೆ ತನ್ನಿ, ಆಮೇಲೆ ಹೊಳಪು ಏರಿಸಿ. ಬೀಮ್ ಫೈಂಡರ್ ಗುಂಡಿ ಇದ್ದರೆ ಒತ್ತಿ ನೋಡಿ, ಪರದೆಯಾಚೆ ಎಲ್ಲೋ ಅಡಗಿರುವ ಕಿರಣ ಒಳಗೆ ಬಂದು ಮುಖ ತೋರಿಸುತ್ತದೆ. ಈ ನಾಲ್ಕು ಗುಂಡಿ ಗೊತ್ತಿಲ್ಲದೆ ‘ಡೆಡ್’ ಎಂದು ಪಕ್ಕಕ್ಕಿಟ್ಟ ಸ್ಕೋಪು ಅಗ್ಗಕ್ಕೆ ಸಿಗುವುದುಂಟು.

ಗೆರೆ ಬಂದಮೇಲೆ ಪರೀಕ್ಷೆ. ಕಮ್ಮಿ ಹೊಳಪಿನಲ್ಲಿ ಗೆರೆ ದಾರದಷ್ಟು ಸಪೂರ ಆಗುತ್ತದೆಯೇ? ಈಗ ಟೈಮ್‌ಬೇಸನ್ನು ಅತಿ ವೇಗಕ್ಕೆ ತಿರುಗಿಸಿ. ಒಳ್ಳೆಯ ಟ್ಯೂಬಿನಲ್ಲಿ ಗೆರೆ ಮಂಕಾದರೂ ಕಾಣುತ್ತದೆ. ಹೊಳಪಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ನಿಧಾನದ ಸ್ವೀಪೇ ಮಂಕಾಗಿದ್ದರೆ, ಹೊಳಪು ಏರಿಸಿದಂತೆಲ್ಲ ಗೆರೆ ಊದಿಕೊಂಡು ಫೋಕಸ್ ಹೋಗುತ್ತಿದ್ದರೆ, ಬಹುಮಟ್ಟಿಗೆ ಕ್ಯಾಥೋಡು ಸವೆದಿದೆ ಎಂದರ್ಥ. ಲ್ಯಾಬಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಹತ್ತಾರು ವರ್ಷ ಉರಿದ ಸ್ಕೋಪುಗಳ ಗತಿ ಇದು. ಆಫ್ ಮಾಡಿ ಪರದೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ: ನಡುವೆ ಕಂದು ಚುಕ್ಕೆ ಅಥವಾ ಅಡ್ಡಗೆರೆ ಕಂಡರೆ ಅಲ್ಲಿ ಫಾಸ್ಫರ್ ಸುಟ್ಟಿದೆ. ಎಕ್ಸ್-ವೈನಲ್ಲಿ ಹೊಳಪು ಏರಿಸಿ ಮರೆತು ಚಹಾಕ್ಕೆ ಹೋದವರ ಸಹಿ ಅದು. ಸಣ್ಣ ಕಲೆ ಇದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಸವೆದ ಟ್ಯೂಬಾದರೆ ಬಿಡಿಭಾಗಕ್ಕೆ ಮಾತ್ರ. ಟೆಕ್ಟ್ರಾನಿಕ್ಸಿನವರು ತಮ್ಮ ಟ್ಯೂಬುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು, ಈಗ ಆ ಕೆಲಸ ನಿಂತು ಕಾಲವಾಯಿತು. ಹೊಸ ಟ್ಯೂಬಿಗೆ ಹುಡುಕುವುದು ಅಂದರೆ ಇನ್ನೊಂದು ಹಳೇ ಸ್ಕೋಪಿಗೆ ಹುಡುಕುವುದು.

ಇದಿಷ್ಟು ಬಿಟ್ಟರೆ ಹರಿದ ಕೇಬಲ್, ಕಾಣೆಯಾದ ಗುಂಡಿ, ಸತ್ತ ಚಾನೆಲ್ ಇವೆಲ್ಲ ಚೌಕಾಸಿಗೆ ಒದಗುವ ವಿಷಯಗಳು. ಪ್ರೋಬ್ ಹಳೆಯದು ಬೇಡ, ಹೊಸದು ಕೊಳ್ಳಿ.

ಮನೆಗೆ ತಂದಮೇಲೆ

ನಾನು ತಂದದ್ದು 20 ಮೆಗಾಹರ್ಟ್ಸಿನ ದೇಶೀ ಪೆಟ್ಟಿಗೆ. ಕಂಪನಿಯ ಹೆಸರು ಬೇಡ, ತಪ್ಪು ಅವರದಲ್ಲ, ವಯಸ್ಸಿನದು. ಅಂಗಡಿಯಲ್ಲಿ ಎರಡು ನಿಮಿಷ ನೋಡಿದಾಗ ಗೆರೆ ಇತ್ತು, ಹೊಳಪಿತ್ತು. ಆದರೆ ದಪ್ಪ. ಬಾವಿ ಹಗ್ಗದಷ್ಟು ದಪ್ಪ. ಫೋಕಸ್ ತಿರುಗಿಸಿದರೆ ಹಗ್ಗದ ಅಂಚು ಮೊನಚಾಗುತ್ತಿತ್ತೇ ಹೊರತು ದಪ್ಪ ಇಳಿಯುತ್ತಿರಲಿಲ್ಲ. ಅಂಗಡಿಯವರು ‘ಟ್ಯೂಬ್ ವೀಕ್’ ಎಂದು ತಾವೇ ಬೆಲೆ ಇಳಿಸಿದರು. ನಾನು ಸುಮ್ಮನಿದ್ದೆ. ಅಂಚು ಮೊನಚಾಗಿದೆ ಅಂದಮೇಲೆ ಟ್ಯೂಬು ಚೆನ್ನಾಗಿದೆ, ಗೆರೆಯನ್ನು ಯಾವುದೋ ಅಲ್ಲಾಡಿಸುತ್ತಿದೆ ಅಷ್ಟೇ.

ಬಿಚ್ಚುವ ಮುಂಚೆ ಜೀವದ ಮಾತು. ಕ್ಯಾಥೋಡ್ ಮೈನಸ್ 2,000 ವೋಲ್ಟಿನಲ್ಲಿ ಕೂತಿದೆ, 465ರಂಥದ್ದರಲ್ಲಿ ಟ್ಯೂಬಿನ ಪಕ್ಕೆಗೆ ಹೋಗುವ ದಪ್ಪ ವೈರಿನಲ್ಲಿ ಪ್ಲಸ್ 15,000ಕ್ಕೂ ಹೆಚ್ಚು. ಪ್ಲಗ್ ಕಿತ್ತಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಆನ್ ಇದ್ದಾಗ ಒಳಗೆ ಕೈ ಹಾಕಬೇಕಾದರೆ ಒಂದೇ ಕೈ, ಇನ್ನೊಂದು ಜೇಬಿನಲ್ಲಿ. ಟ್ಯೂಬಿನ ಕತ್ತು ಮೊಟ್ಟೆ ಚಿಪ್ಪಿನಂತೆ, ಸ್ಕ್ರೂಡ್ರೈವರ್ ಜಾರಿ ತಗುಲಿದರೆ ಸ್ಕೋಪಿನ ಕಥೆ ಅಲ್ಲಿಗೆ ಮುಗಿಯಿತು. ಇನ್ನೊಂದು ನಮ್ಮ ಊರಿನ ಕೆಟ್ಟ ಚಾಳಿ: ಪ್ರೋಬಿನ ಗ್ರೌಂಡ್ ಕ್ಲಿಪ್ಪು ಗೋಡೆಯ ಅರ್ಥಿಂಗಿಗೆ ನೇರ ಸೇರಿರುತ್ತದೆ, ಅದನ್ನು ಮೇನ್ಸಿನ ಸರ್ಕ್ಯೂಟಿಗೆ ಸಿಕ್ಕಿಸಿದರೆ ಢಂ ಎನ್ನುತ್ತದೆ ಎಂದು ಸ್ಕೋಪಿನ ಅರ್ಥ್ ಪಿನ್ನನ್ನೇ ಕತ್ತರಿಸುತ್ತಾರೆ. ಆಗ ಢಂ ಅನ್ನುವುದಿಲ್ಲ ನಿಜ, ಬದಲಿಗೆ ಸ್ಕೋಪಿನ ಇಡೀ ಲೋಹದ ಮೈ ಲೈವ್ ಆಗಿ ಕೂತಿರುತ್ತದೆ. ಹರಾಜಿನ ಸ್ಕೋಪಿನಲ್ಲಿ ಆ ಪಿನ್ ಇದೆಯೇ ಎಂದು ಮೊದಲು ನೋಡಿ.

ವರ್ಷಗಟ್ಟಲೆ ಮಲಗಿದ್ದ ಪೆಟ್ಟಿಗೆಯನ್ನು ನೇರ ಚುಚ್ಚಬೇಡಿ. ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಲ್ಯಾಂಪ್ ಬೋರ್ಡು ಇಲ್ಲಿ ದೇವರಿದ್ದಂತೆ. 100 ವ್ಯಾಟಿನ ಹಳೇ ತಂತಿ ಬಲ್ಬಿನ ಮೂಲಕ ಕರೆಂಟು ಕೊಡಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ, ಜಗ್ಗನೆ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಸ್ಕೋಪಿಗೆ ಮಾತ್ರ ಈ ಲೆಕ್ಕ. 2465ರಂಥ ಸ್ವಿಚಿಂಗ್ ಸಪ್ಲೈ ಕಮ್ಮಿ ವೋಲ್ಟೇಜಿನಲ್ಲಿ ತಾನೇ ಮುಗ್ಗರಿಸುತ್ತದೆ, ಬಲ್ಬು ನೋಡಿ ಏನೂ ಹೇಳಲಾಗದು.

ಆಮೇಲೆ ಹುಡುಕುವ ಕ್ರಮ. ಸ್ವೀಪ್ ಕೆಟ್ಟಿದೆ ಎಂದು ಸ್ವೀಪಿನ ಬೋರ್ಡಿಗೆ, ಚಾನೆಲ್ ಕೆಟ್ಟಿದೆ ಎಂದು ಚಾನೆಲ್ಲಿನ ಬೋರ್ಡಿಗೆ ನುಗ್ಗುವುದು ಹೊಸಬರ ತಪ್ಪು. ಎಲ್ಲ ಬೋರ್ಡುಗಳೂ ಉಣ್ಣುವುದು ಒಂದೇ ಅಡುಗೆಮನೆಯ ಊಟ. ಮೊದಲು ಪವರ್ ಸಪ್ಲೈಯ ಪ್ರತಿ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಿ. ಹಳೇ ಸರ್ವಿಸ್ ಮ್ಯಾನ್ಯುಯಲ್ಲುಗಳ ಸ್ಕ್ಯಾನ್ ಪ್ರತಿಗಳು ಹುಡುಕಿದರೆ ಸಿಗುತ್ತವೆ. ಟೆಕ್ಟ್ರಾನಿಕ್ಸಿನವಂತೂ ಪಠ್ಯಪುಸ್ತಕಕ್ಕಿಂತ ಚೆನ್ನಾಗಿವೆ, ಯಾವ ಬಿಂದುವಿನಲ್ಲಿ ಎಂಥ ಅಲೆ ಕಾಣಬೇಕು ಎಂದು ಚಿತ್ರ ಸಮೇತ ಹೇಳುತ್ತವೆ. 465ರಲ್ಲಿ ಒಂದು ವೋಲ್ಟೇಜು ಪೂರ್ತಿ ಸೊನ್ನೆಯಾಗಿದ್ದರೆ ಎಲ್ಲೋ ಒಂದು ಬೋರ್ಡಿನ ಟ್ಯಾಂಟಲಮ್ ಕೆಪ್ಯಾಸಿಟರ್ ಶಾರ್ಟ್ ಆಗಿರುವ ಸಂಭವ ಹೆಚ್ಚು. ಬೋರ್ಡುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಸಿಕ್ಕಿಬೀಳುತ್ತದೆ.

ನನ್ನ ಪೆಟ್ಟಿಗೆಯಲ್ಲಿ 12 ವೋಲ್ಟಿರಬೇಕಾದಲ್ಲಿ 11.7 ಇತ್ತು. ಮೀಟರ್ ನೋಡಿ ‘ಹತ್ತಿರ ಇದೆಯಲ್ಲ’ ಎಂದು ಬಿಡುವವನಿದ್ದೆ. ಆಗ ಹೊಳೆದದ್ದು: ಅಳೆಯುವ ಯಂತ್ರ ಮುಂದೆಯೇ ಇದೆ, ಅದರ ರೋಗವನ್ನು ಅದಕ್ಕೇ ಏಕೆ ಕೇಳಬಾರದು? ಇನ್‌ಪುಟ್ಟನ್ನು ಗ್ರೌಂಡಿಗೆ ಹಾಕಿದೆ, ಅಂದರೆ ಹೊರಗಿನ ಸಿಗ್ನಲ್ ಇಲ್ಲ. ಟ್ರಿಗರ್ ಸೋರ್ಸನ್ನು ಲೈನಿಗೆ ಹಾಕಿದೆ; ಆಗ ಸ್ವೀಪ್ ಗೋಡೆಯ ಕರೆಂಟಿನ ತಾಳಕ್ಕೆ ಹೊರಡುತ್ತದೆ. ಚೌಕಕ್ಕೆ 2 ಮಿಲಿಸೆಕೆಂಡ್. ಹಗ್ಗ ಬಿಚ್ಚಿಕೊಂಡು ಪರದೆ ಮೇಲೆ ಗರಗಸದ ಹಲ್ಲಿನಂಥ ಎರಡು ಗುಬ್ಬ ನಿಶ್ಚಲವಾಗಿ ನಿಂತವು.

ಎರಡು ಗುಬ್ಬ, 10 ಚೌಕ, 20 ಮಿಲಿಸೆಕೆಂಡು. ಅಂದರೆ 100 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನ ನಾಲ್ಕು ಡಯೋಡು ದಾಟಿದಮೇಲೆ ಅದು 100ರ ಅಲೆಯಾಗುತ್ತದೆ. ಒಂದೇ ಗುಬ್ಬ ಇದ್ದಿದ್ದರೆ ಡಯೋಡು ಹೋಗಿದೆ ಎಂದೋ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಟ್ಯೂಬಿಗೆ ತಾಕುತ್ತಿದೆ ಎಂದೋ ಅನುಮಾನಿಸಬೇಕಿತ್ತು. ಎರಡಿದೆ, ಅಂದರೆ ಡಯೋಡುಗಳು ಸರಿ, ಅವುಗಳ ಮುಂದಿನ ಫಿಲ್ಟರ್ ಕೆಪ್ಯಾಸಿಟರ್ ಒಣಗಿದೆ.

ಲೆಕ್ಕವೂ ಸರಳ. ಆ ಕೆಪ್ಯಾಸಿಟರ್ ಒಂದು ಸಂಪ್ ಇದ್ದಂತೆ. 10 ಮಿಲಿಸೆಕೆಂಡಿಗೊಮ್ಮೆ ನೀರು ಬಂದು ತುಂಬುತ್ತದೆ, ನಡುವೆ ಮನೆಯವರು ಬಳಸುತ್ತಿರುತ್ತಾರೆ. 2,200 ಮೈಕ್ರೊಫ್ಯಾರಡ್ ಇದ್ದಾಗ ಅರ್ಧ ಆಂಪಿಯರ್ ಬಳಕೆಗೆ ಮಟ್ಟ ಸುಮಾರು 2 ವೋಲ್ಟು ಇಳಿಯುತ್ತದೆ. ಕಿತ್ತು ಅಳೆದಾಗ ಉಳಿದಿದ್ದದ್ದು 600. ಅಷ್ಟಕ್ಕೆ ಮಟ್ಟ 8 ವೋಲ್ಟಿನವರೆಗೂ ಕುಸಿಯಬಹುದು. 12 ವೋಲ್ಟು ಕೊಡುವ ರೆಗ್ಯುಲೇಟರಿಗೆ ತನ್ನ ತಲೆಯ ಮೇಲೆ ಇನ್ನೆರಡು ವೋಲ್ಟು ಹೆಚ್ಚಿಗೆ ಇದ್ದರಷ್ಟೇ ಕೆಲಸ. ಸಂಪು 14ಕ್ಕಿಂತ ಕೆಳಗೆ ಹೋದಾಗಲೆಲ್ಲ ಅದು ಕೈಚೆಲ್ಲುತ್ತಿತ್ತು. ಸೆಕೆಂಡಿಗೆ ನೂರು ಸಲ. ಸ್ವೀಪ್ ವೇಗವಾಗಿದ್ದಾಗ ಆ ನೂರು ಕುಸಿತಗಳೂ ಒಂದರ ಮೇಲೊಂದು ಕಲಸಿಹೋಗಿ ಹಗ್ಗವಾಗಿ ಕಾಣುತ್ತಿದ್ದವು. ಮೀಟರ್ ತೋರಿಸಿದ 11.7 ಸರಾಸರಿ ಮಾತ್ರ, ಸರಾಸರಿಯಲ್ಲಿ ಗುಬ್ಬ ಕಾಣುವುದಿಲ್ಲ. 105 ಡಿಗ್ರಿ ತಾಳುವ ಹೊಸ ಕೆಪ್ಯಾಸಿಟರ್ ತಂದು, ಪ್ಲಸ್ ಮೈನಸ್ ಎರಡು ಸಲ ನೋಡಿ ಬೆಸೆದೆ. ಜೊತೆಗಾರ ಮೈನಸ್ 12ರದ್ದೂ ಅದೇ ವಯಸ್ಸಿನದು, ಅದನ್ನೂ ಬದಲಿಸಿದೆ. ಅಷ್ಟಕ್ಕೆ ನಿಲ್ಲಿಸಿದೆ. ಇರುವ ಎಲ್ಲ ಕೆಪ್ಯಾಸಿಟರನ್ನೂ ಒಂದೇ ಏಟಿಗೆ ಬದಲಿಸುವವರಿದ್ದಾರೆ; ಸರಿಯಿದ್ದ ಕಡೆ ಟ್ರ್ಯಾಕ್ ಕಿತ್ತು ಹೊಸ ರೋಗ ತಂದುಕೊಳ್ಳುವ ದಾರಿ ಅದು.

ಇದಾದಮೇಲೆ ಉಳಿಯುವುದು ಕೊಳೆ. ಗುಂಡಿ ತಿರುಗಿಸಿದರೆ ಗೆರೆ ಚಿಮ್ಮುವುದು, ಸ್ವಿಚ್ಚನ್ನು ಅರ್ಧ ಒತ್ತಿದರೆ ಮಾತ್ರ ಚಾನೆಲ್ ಬರುವುದು, ಇವೆಲ್ಲ ಕಾಂಟ್ಯಾಕ್ಟುಗಳ ಮೇಲಿನ ಕಿಲುಬು. ಗುಂಡಿಯ ಹಿಂದಿರುವ ಸಾಮಾನ್ಯ ಪೊಟೆನ್ಷಿಯೊಮೀಟರಿಗೆ (ತಿರುಗಿಸುವ ರೆಸಿಸ್ಟರಿಗೆ) ಒಂದು ಹನಿ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಆಯಿತು. 465ರ ವೋಲ್ಟ್ಸ್ ಸ್ವಿಚ್ಚುಗಳು ಸೂಕ್ಷ್ಮ, ಕೂದಲಿನಂಥ ಚಿನ್ನದ ಲೇಪದ ಎಲೆಗಳು ಬೋರ್ಡಿನ ಮೇಲೆಯೇ ಒತ್ತುತ್ತವೆ. ಅಲ್ಲಿ ಸ್ಪ್ರೇ ಬೇಡ. ದಪ್ಪ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಎಲೆಯ ಕೆಳಗೆ ತೂರಿಸಿ, ಸ್ವಿಚ್ ಮುಚ್ಚಿ ಮೆಲ್ಲಗೆ ಎಳೆಯಬೇಕು. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ. ಬರುವುದು ನಿಂತಾಗ ಕೆಲಸ ಮುಗಿಯಿತು. ಅದರ ಗುಂಡಿ ಕಳಚಲು 1/16 ಇಂಚಿನ ಆಲೆನ್ ಕೀಯೇ ಬೇಕು, ನಮ್ಮ 1.5 ಮಿಲಿಮೀಟರಿನದ್ದು ಒಳಗೆ ಹೋಗುತ್ತದೆ, ತಿರುಗಿಸಿದರೆ ಜಾರುತ್ತದೆ, ಎರಡನೇ ಸಲಕ್ಕೆ ಸ್ಕ್ರೂವಿನ ತಲೆ ದುಂಡಗಾಗಿರುತ್ತದೆ. ಧೂಳಿಗೆ ಮೆತ್ತನೆ ಬ್ರಷ್ ಸಾಕು. ಟೆಕ್ಟ್ರಾನಿಕ್ಸಿನ ಸರ್ವಿಸ್ ಕೇಂದ್ರಗಳಲ್ಲಿ ಸ್ಕೋಪುಗಳಿಗೆ ಸೋಪು ನೀರಿನ ಸ್ನಾನ ಮಾಡಿಸಿ ಓವನ್ನಿನಲ್ಲಿ ಒಣಗಿಸುತ್ತಿದ್ದರು ಎಂಬುದು ನಿಜ. ಹಾಗೆಂದು ನಮ್ಮ ಮಳೆಗಾಲದಲ್ಲಿ ಅದನ್ನು ಮಾಡಲು ಹೋಗಬೇಡಿ, ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನೊಳಗೆ ತೇವ ಉಳಿದರೆ ಕಿಡಿ ಹಾರುತ್ತದೆ.

ಕೊನೆಗೆ ಅಳತೆ ಸರಿಪಡಿಸುವುದು. ಒಳಗಿನ ಟ್ರಿಮ್‌ಪಾಟುಗಳನ್ನು, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸಿ ಅಳತೆ ಹೊಂದಿಸುವ ಪುಟ್ಟ ಗುಂಡಿಗಳನ್ನು, ಇಲ್ಲಿಯವರೆಗೆ ಮುಟ್ಟಿರಬಾರದು. ರೋಗ ಇರುವಾಗ ಅವನ್ನು ತಿರುಗಿಸಿ ಗೆರೆಯನ್ನು ಹೇಗೋ ನಡುವಿಗೆ ತಂದವರ ಸ್ಕೋಪು ನನ್ನ ಕೈಗೆ ಬಂದಿದೆ, ಅದನ್ನು ಬಿಡಿಸುವ ಹೊತ್ತಿಗೆ ಸಾಕಾಯಿತು. ಪವರ್ ಸಪ್ಲೈ ಮೊದಲು, ಏಕೆಂದರೆ ಉಳಿದ ಎಲ್ಲ ಅಳತೆಯೂ ಅದರ ಮೇಲೆ ನಿಂತಿದೆ. ಸ್ಕೋಪನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಆಮೇಲೆ ಗೆರೆಯ ಓರೆ, ಆಸ್ಟಿಗ್ಮ್ಯಾಟಿಸಂ (ಚುಕ್ಕೆ ದುಂಡಗಿರುವಂತೆ ಮಾಡುವುದು), ಚಾನೆಲ್ಲುಗಳ ಗೇನ್ (ಚೌಕಕ್ಕೆ ಸರಿಯಾದ ವೋಲ್ಟು), ಸ್ವೀಪಿನ ಸಮಯ. ಮನೆಯಲ್ಲಿ ಇದಕ್ಕೆ ದುಬಾರಿ ಸಲಕರಣೆ ಬೇಡ: ವೋಲ್ಟಿಗೆ ಒಂದು ಬ್ಯಾಟರಿ ಮತ್ತು ಒಳ್ಳೆಯ ಮಲ್ಟಿಮೀಟರ್, ಸಮಯಕ್ಕೆ 1 ಮೆಗಾಹರ್ಟ್ಸಿನ ಕ್ರಿಸ್ಟಲ್ ಆಸಿಲೇಟರ್. ಮೈಕ್ರೊಸೆಕೆಂಡಿಗೊಂದು ಅಲೆ ಸರಿಯಾಗಿ ಚೌಕಕ್ಕೊಂದರಂತೆ ಕೂರಬೇಕು. ಅನಲಾಗ್ ಸ್ಕೋಪಿನ ನಿಖರತೆ ಶೇಕಡ 3ರ ಆಸುಪಾಸು, ಅದಕ್ಕಿಂತ ಹೆಚ್ಚು ಬಯಸಿದರೆ ಗೆರೆಯ ದಪ್ಪವೇ ಅಡ್ಡ ಬರುತ್ತದೆ.

ಪ್ರೋಬನ್ನು ಸಿಗ್ನಲಿನ ಹತ್ತನೇ ಒಂದು ಪಾಲನ್ನಷ್ಟೇ ಒಳಬಿಡುವ 10ಕ್ಕೆ ಹಾಕಿ ಸ್ಕೋಪಿನ ಮುಂದಿನ ಸಣ್ಣ ಕೊಕ್ಕೆಗೆ ಸಿಕ್ಕಿಸಿದೆ. ಅಲ್ಲಿ 1 ಕಿಲೋಹರ್ಟ್ಸಿನ ಚೌಕಾಕಾರದ ಅಲೆ ಬರುತ್ತಿರುತ್ತದೆ. ಪ್ರೋಬಿನ ಕತ್ತಿನ ಪುಟ್ಟ ಸ್ಕ್ರೂ ಒಂದು ಕಡೆ ತಿರುಗಿಸಿದರೆ ಚೌಕದ ಮೂಲೆಗೆ ಕೊಂಬು ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಭುಜ ಇಳಿಬೀಳುತ್ತದೆ. ಎರಡರ ನಡುವೆ ಒಂದು ಜಾಗದಲ್ಲಿ ಮೂಲೆ ನೆಟ್ಟಗೆ ನಿಲ್ಲುತ್ತದೆ. ಗೆರೆ ಈಗ ಹೊಲಿಗೆ ದಾರದಷ್ಟು ಸಪೂರ. ಎರಡನೇ ಚಾನೆಲ್ಲಿನ 5 ಮಿಲಿವೋಲ್ಟ್ ರೇಂಜು ಮಾತ್ರ ಇನ್ನೂ ಒಮ್ಮೊಮ್ಮೆ ಬರುವುದಿಲ್ಲ. ಗುಂಡಿಯನ್ನು ಆ ಕಡೆ ಈ ಕಡೆ ಎರಡು ಸಲ ಆಡಿಸಿದರೆ ಬರುತ್ತದೆ. ಮುಂದಿನ ಭಾನುವಾರ ಕಾಗದದ ಪಟ್ಟಿ ಹಿಡಿದು ಕೂರಬೇಕು.